ಚಕ್ರದ ಚೆಲುವು, ಚಕ್ರದ ಕೆಲಸ

ಚಕ್ರ ನೋಡಿ ಸೈಕಲ್ ಕೊಳ್ಳುವವರನ್ನು ನಾನು ಮೊದಲು ಕಂಡದ್ದು ಲಂಡನ್ನಿನಲ್ಲಿ. ವಿಜಯಪುರದಲ್ಲಿ ಅಬ್ಬಾ ನಡೆಸುತ್ತಿದ್ದ ಸೈಕಲ್ ಶಾಪಿಗೆ ಬರುವವರು ಕ್ಯಾರಿಯರ್ ಗಟ್ಟಿಯಿದೆಯೇ, ಬ್ರೇಕ್ ಹಿಡಿಯುತ್ತದೆಯೇ, ಒಂದು ಚೀಲ ಜೋಳ ಹೊರುತ್ತದೆಯೇ ಎಂದು ಕೇಳುತ್ತಿದ್ದರು. ಚಕ್ರದ ಬಗ್ಗೆ ಅವರಿಗಿದ್ದ ಚಿಂತೆ ಎರಡೇ: ಪಂಕ್ಚರ್ ಮತ್ತು ಬೆಂಡು. ಪೂರ್ವ ಲಂಡನ್ನಿನ ಹುಡುಗರು ಮೊದಲು ಕೇಳುವುದು ರಿಮ್ಮಿನ ಬಣ್ಣವನ್ನು, ಆಮೇಲೆ ಅದರ ಆಳವನ್ನು. ಬ್ರೇಕಿನ ಮಾತು ಕೆಲವರಲ್ಲಿ ಬರುವುದೇ ಇಲ್ಲ.

ಅವರು ಓಡಿಸುವುದು ಫಿಕ್ಸೆಡ್ ಗೇರ್ ಸೈಕಲ್ಲು. ನಮ್ಮ ಸೈಕಲ್ಲುಗಳಲ್ಲಿ ಹಿಂದಿನ ಚಕ್ರಕ್ಕೆ ಫ್ರೀವೀಲ್ ಇರುತ್ತದೆ. ಪೆಡಲ್ ನಿಲ್ಲಿಸಿದರೂ ಚಕ್ರ ಕಟಕಟ ಎನ್ನುತ್ತ ಓಡುತ್ತಿರುತ್ತದೆ. ಫಿಕ್ಸೆಡ್ ಗೇರಿನಲ್ಲಿ ಹಲ್ಲುಚಕ್ರ ನೇರವಾಗಿ ಹಬ್ಬಿಗೆ ಬಿಗಿದಿರುತ್ತದೆ. ಚಕ್ರ ತಿರುಗುವವರೆಗೆ ಪೆಡಲೂ ತಿರುಗಲೇಬೇಕು, ಕಾಲೂ ತಿರುಗಲೇಬೇಕು. ವೇಗ ತಗ್ಗಿಸಲು ಕಾಲಿನಿಂದಲೇ ಹಿಂದಕ್ಕೆ ಒತ್ತಬೇಕು. ಇದು ಮೂಲತಃ ವೆಲೊಡ್ರೋಮಿನ ಸೈಕಲ್ಲು. ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೊ, ಲಂಡನ್ನಿನ ಕೊರಿಯರ್ ಹುಡುಗರು ಅದನ್ನು ಬೀದಿಗೆ ತಂದರು. 2000ದ ದಶಕದಲ್ಲಿ ಅದು ಫ್ಯಾಶನ್ ಆಯಿತು. ಅದರ ಬೆನ್ನಿಗೇ ಆಳದ ರಿಮ್ಮುಗಳೂ ಬಂದವು.

ಟಯರಿನಿಂದ ಹಬ್ಬಿನ ಕಡೆಗೆ ರಿಮ್ಮಿನ ಪಟ್ಟಿ ಎಷ್ಟು ಇಳಿದಿದೆಯೋ ಅದೇ ಆಳ. ವೆಲಾಸಿಟಿ ಕಂಪೆನಿಯ 'ಡೀಪ್ ವಿ' ಎಂಬ ಅಲ್ಯೂಮಿನಿಯಂ ರಿಮ್ಮು 30 ಮಿಲಿಮೀಟರ್ ಆಳದ್ದು. ಹತ್ತಾರು ಬಣ್ಣಗಳಲ್ಲಿ ಸಿಗುತ್ತಿದ್ದುದರಿಂದ ಈ ಹುಡುಗರ ಕಣ್ಮಣಿಯಾಯಿತು. ಕಾರ್ಬನ್ ರಿಮ್ಮುಗಳು 50, 60, 80 ಮಿಲಿಮೀಟರಿನವರೆಗೂ ಹೋಗುತ್ತವೆ. ಅದಕ್ಕೂ ಮುಂದೆ ಹೋದರೆ ಕಡ್ಡಿಗಳೇ ಇಲ್ಲದ ತಟ್ಟೆಯಂಥ ಡಿಸ್ಕ್ ಚಕ್ರ.

ಇವೆಲ್ಲ ಬರೀ ಶೋಕಿಗಾಗಿ ಹುಟ್ಟಿದ್ದಲ್ಲ. ಒಂದು ಗಂಟೆಯಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ಸೈಕಲ್ ಓಡಿಸಬಲ್ಲ ಎಂಬ 'ಅವರ್ ರೆಕಾರ್ಡ್' ಪಂದ್ಯವನ್ನು ನೋಡಿ. ಅದು ಫಿಕ್ಸೆಡ್ ಗೇರಿನಲ್ಲೇ ನಡೆಯುತ್ತದೆ. 1972ರಲ್ಲಿ ಎಡ್ಡಿ ಮೆರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಸಾಧಾರಣ ಕಡ್ಡಿಗಳ ಚಕ್ರದಲ್ಲಿ 49.431 ಕಿಲೋಮೀಟರ್ ಓಡಿಸಿದರು. 1984ರಲ್ಲಿ ಅದೇ ನಗರದಲ್ಲಿ ಫ್ರಾನ್ಸೆಸ್ಕೊ ಮೋಸರ್ ಡಿಸ್ಕ್ ಚಕ್ರಗಳನ್ನು ಹಾಕಿಕೊಂಡು 51.151 ಕಿಲೋಮೀಟರ್ ಮುಟ್ಟಿದರು. ಗಾಳಿಯನ್ನು ಸೀಳುವ ಚಕ್ರದ ಯುಗ ಅಲ್ಲಿಂದ ಜೋರಾಯಿತು.

ಇದಕ್ಕಿಂತ ಒಳ್ಳೆಯ ಪಾಠ ಕ್ರಿಸ್ ಬೋರ್ಡ್‌ಮನ್ ಅವರದು. 1996ರಲ್ಲಿ ಮ್ಯಾಂಚೆಸ್ಟರಿನ ಟ್ರ್ಯಾಕಿನಲ್ಲಿ ಅವರು ಕೈಗಳನ್ನು ಮುಂದಕ್ಕೆ ಚಾಚಿ ಮಲಗಿದಂತೆ ಕೂತು, ಗಾಳಿ ಸೀಳುವ ಸೈಕಲ್ಲಿನಲ್ಲಿ 56.375 ಕಿಲೋಮೀಟರ್ ಓಡಿಸಿದರು. ಯಂತ್ರವಲ್ಲ, ಮನುಷ್ಯ ಗೆಲ್ಲಬೇಕೆಂದು ಅಂತಾರಾಷ್ಟ್ರೀಯ ಒಕ್ಕೂಟ ನಿಯಮ ಬದಲಿಸಿ ಮೆರ್ಕ್ಸ್ ಕಾಲದ ಮಾದರಿಯ ಸೈಕಲ್ಲನ್ನೇ ಕಡ್ಡಾಯ ಮಾಡಿತು. 2000ದಲ್ಲಿ ಅದೇ ಟ್ರ್ಯಾಕಿನಲ್ಲಿ ಹಳೆ ಮಾದರಿಯ ಸೈಕಲ್ಲಿನಲ್ಲಿ ಬೋರ್ಡ್‌ಮನ್ ಓಡಿಸಿದ್ದು 49.441 ಕಿಲೋಮೀಟರ್, ಮೆರ್ಕ್ಸ್ ಅವರಿಗಿಂತ ಬರೀ ಹತ್ತು ಮೀಟರ್ ಹೆಚ್ಚು. ವಯಸ್ಸು ನಾಲ್ಕು ವರ್ಷ ಏರಿತ್ತು, ನಿಜ. ಆದರೂ ಸುಮಾರು ಏಳು ಕಿಲೋಮೀಟರಿನ ಆ ಅಂತರದಲ್ಲಿ ಬಹುಪಾಲು ಗಾಳಿಯ ಲೆಕ್ಕ, ಅದರಲ್ಲೂ ಹೆಚ್ಚಿನದು ದೇಹ ಕೂತ ಭಂಗಿಯದು. ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದೇ. ಚಕ್ರ ಉಳಿದ ಕಾಲುಪಾಲಿನಲ್ಲಿ ಒಂದು ಹಂಚಿಕೆದಾರ, ಅಷ್ಟೆ.

ಇನ್ನು ಬೀದಿಯ ಲೆಕ್ಕಕ್ಕೆ ಬರೋಣ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಹೀಗಾಗಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬಿಡದೆ ಓಡುವವನಿಗೆ ಆಳದ ರಿಮ್ಮು ಉಳಿಸಿಕೊಡುವ ಶಕ್ತಿ ದೊಡ್ಡದು. 2008ರಲ್ಲಿ ಬ್ರೂಕ್ಲಿನ್ನಿನಲ್ಲಿ ಶುರುವಾದ ರೆಡ್ ಹುಕ್ ಕ್ರಿಟ್‌ನಂಥ ಫಿಕ್ಸೆಡ್ ಗೇರ್ ಪಂದ್ಯಗಳಲ್ಲಿ ಆ ಚಕ್ರಗಳು ದುಡಿದು ತೋರಿಸಿದವು. ಆದರೆ ಪ್ರತಿ ಸಿಗ್ನಲ್ಲಿಗೂ ನಿಂತು, ಬಸ್ಸಿನ ಹಿಂದೆ ತೆವಳಿ, 20ರ ವೇಗದಲ್ಲಿ ಕಾಲೇಜಿಗೆ ಹೋಗುವವನಿಗೆ ಅದೇ ರಿಮ್ಮು ಕೊಡುವುದು ಅಲ್ಪ. ಅಗ್ಗದ ಆಳದ ರಿಮ್ಮಿನಲ್ಲಿ ಲೋಹ ಹೆಚ್ಚು, ತೂಕ ಹೆಚ್ಚು. ಒಂದೇ ಗೇರಿನಲ್ಲಿ ಮತ್ತೆ ಮತ್ತೆ ನಿಂತಲ್ಲಿಂದ ಎಬ್ಬಿಸುವ ಕಾಲಿಗೆ ಅದು ತಿಳಿಯುತ್ತದೆ. ಅಡ್ಡಗಾಳಿ ಬೀಸಿದಾಗಲಂತೂ ಮುಂದಿನ ಆಳದ ಚಕ್ರ ಹಾಯಿಯಂತೆ ಗಾಳಿ ಹಿಡಿದು ಹ್ಯಾಂಡಲ್ಲನ್ನು ಎಳೆಯುತ್ತದೆ. ಎರಡೂ ಕಡೆ ಡಿಸ್ಕ್ ಚಕ್ರ ಹಾಕುವವರು ಸಾಮಾನ್ಯವಾಗಿ ಛಾವಣಿಯಿರುವ ವೆಲೊಡ್ರೋಮಿನಲ್ಲೇ ಹಾಕುವುದು ಇದಕ್ಕಾಗಿ.

ಜಪಾನಿನವರು ಈ ಪ್ರಶ್ನೆಯನ್ನು ಬೇರೆ ರೀತಿ ಬಗೆಹರಿಸಿದ್ದಾರೆ. 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೈರಿನ್ ಪಂದ್ಯದ ಮೇಲೆ ಜನ ಹಣ ಕಟ್ಟುತ್ತಾರೆ. ಜೂಜು ನಮಗೆ ಹರಾಮ್. ಅದನ್ನು ಹೊಗಳಲು ಈ ಮಾತು ಎತ್ತುತ್ತಿಲ್ಲ. ಆದರೆ ಪುರುಷರ ಸಾಂಪ್ರದಾಯಿಕ ಕೈರಿನ್‌ನಲ್ಲಿ ಎಲ್ಲರಿಗೂ ಒಂದೇ ಬಗೆಯ ಸ್ಟೀಲ್ ಫ್ರೇಮು, 36 ಕಡ್ಡಿಗಳ ಸಾದಾ ಚಕ್ರ. ದುಡ್ಡಿದ್ದವನ ಚಕ್ರ ಗೆಲ್ಲಬಾರದು, ಕಾಲಿನ ಕಸುವು ಗೆಲ್ಲಬೇಕು ಎಂಬ ಆ ನಿಯಮದಲ್ಲಿ ಒಂದು ನ್ಯಾಯ ಇದೆ. ವಿಚಿತ್ರವೆಂದರೆ ಆ ಸಾದಾ ಸೈಕಲ್ಲುಗಳೂ ಆಮೇಲೆ ಫ್ಯಾಶನ್ ಆದವು. ಜಪಾನಿನಿಂದ ಹಳೆಯ ಕೈರಿನ್ ಫ್ರೇಮು ತರಿಸಿ, ಅದಕ್ಕೆ ಆಳದ ಬಣ್ಣದ ರಿಮ್ಮು ಹಾಕಿದವರನ್ನೂ ನಾನು ನೋಡಿದ್ದೇನೆ.

ಓದಲೆಂದು ಬಂದು ನಮ್ಮ ಮನೆಯಲ್ಲಿದ್ದ ತಂಗಿಯ ಮಗ ಒಂದು ಹಳೆಯ ಫಿಕ್ಸೆಡ್ ಗೇರ್ ಸೈಕಲ್ ಕೊಂಡ. ಅದರ ಚಕ್ರ ಬದಲಿಸುವ ಆಸೆ ಅವನಿಗೆ.

"ಮಾಮು, ಈ ರಿಮ್ ನೋಡ್ರಿ, ಪೂರಾ ಬಿಳಿ. ಒಂದು ಗೆರೆನೂ ಇಲ್ಲ" ಎಂದು ಮೊಬೈಲ್ ತೋರಿಸಿದ.

"ಗೆರೆ ಇಲ್ಲ ಅಂದ್ರ ಬ್ರೇಕ್ ಎಲ್ಲಿ ಹಿಡಿಬೇಕಪ್ಪಾ?" ಎಂದೆ.

"ಬ್ರೇಕ್ ಯಾರ್ ಹಾಕ್ತಾರ್ರಿ ಇದಕ್ಕ?"

ಶೋಕಿ ಮತ್ತು ಕೆಲಸದ ಚರ್ಚೆ ಪ್ರಾಣದ ಚರ್ಚೆಯಾಗುವುದು ಇಲ್ಲಿ. ರಿಮ್ಮಿನ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಪಟ್ಟಿ ಅಲಂಕಾರವಲ್ಲ. ಬ್ರೇಕಿನ ರಬ್ಬರ್ ಹಿಡಿಯಲೆಂದು ಸಾಣೆ ಹಿಡಿದ ಜಾಗ. ಆ ಪಟ್ಟಿ ಬಣ್ಣದ ಅಂದ ಕೆಡಿಸುತ್ತದೆಂದು ಪೂರ್ತಿ ಬಣ್ಣ ಬಳಿದ ರಿಮ್ಮುಗಳೂ ಮಾರಾಟಕ್ಕಿವೆ. ಅದರ ಮೇಲೆ ಬ್ರೇಕ್ ಹಾಕಿದರೆ ಬಣ್ಣ ಕಿತ್ತು ಬರುತ್ತದೆ, ಹಿಡಿತವೂ ಕಮ್ಮಿ. ಬಣ್ಣ ಉಳಿಸಲು ಜನ ಬ್ರೇಕನ್ನೇ ತೆಗೆದುಬಿಡುತ್ತಾರೆ.

ಅವನಿಗೆ ನಾನು 2016ರ ಫೆಬ್ರವರಿಯ ಸಂಗತಿ ಹೇಳಿದೆ. ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ ರಸ್ತೆ ದಾಟುತ್ತಿದ್ದ 44 ವರ್ಷದ ಮಹಿಳೆಗೆ, ಇಬ್ಬರು ಮಕ್ಕಳ ತಾಯಿಗೆ, 18ರ ಹುಡುಗನೊಬ್ಬನ ಸೈಕಲ್ ಡಿಕ್ಕಿ ಹೊಡೆಯಿತು. ಅದು ಮುಂದಿನ ಬ್ರೇಕ್ ಇಲ್ಲದ ಫಿಕ್ಸೆಡ್ ಗೇರ್ ಸೈಕಲ್ಲು. ತಲೆಗೆ ಪೆಟ್ಟಾದ ಆಕೆ ಒಂದು ವಾರದಲ್ಲಿ ತೀರಿಕೊಂಡರು. 2017ರಲ್ಲಿ ಹುಡುಗನಿಗೆ 18 ತಿಂಗಳ ಶಿಕ್ಷೆಯಾಯಿತು. ಮುಂದಿನ ಬ್ರೇಕ್ ಕಡ್ಡಾಯವೆಂದು ತನಗೆ ಗೊತ್ತಿರಲಿಲ್ಲ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಆ ಕಾನೂನು 1983ರಿಂದಲೂ ಇದೆ: ಫಿಕ್ಸೆಡ್ ಗೇರ್ ಆದರೂ ಬೀದಿಗಿಳಿಯುವ ಸೈಕಲ್ಲಿಗೆ ಮುಂದಿನ ಚಕ್ರದ ಬ್ರೇಕ್ ಬೇಕು.

ಮುಂದಿನ ವಾರ ಅವನನ್ನು ಹರ್ನ್ ಹಿಲ್ ವೆಲೊಡ್ರೋಮಿಗೆ ಕರೆದುಕೊಂಡು ಹೋದೆ. 1891ರಲ್ಲಿ ಶುರುವಾದ, 1948ರ ಒಲಿಂಪಿಕ್ಸಿನ ಸೈಕಲ್ ಪಂದ್ಯ ನಡೆದ ಬಯಲು ಟ್ರ್ಯಾಕು ಅದು. ಅಲ್ಲಿ ಯಾರ ಸೈಕಲ್ಲಿಗೂ ಬ್ರೇಕ್ ಇಲ್ಲ, ಇರಲೂಬಾರದು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ಒಬ್ಬ ತಟ್ಟನೆ ಬ್ರೇಕ್ ಹಿಡಿದರೆ ಹಿಂದಿನವನು ಬೀಳುತ್ತಾನೆ. ರಸ್ತೆಯಲ್ಲಿ ಹಾಗಲ್ಲ. ಅಲ್ಲಿ ಮಗು, ಮುದುಕಿ, ಮೊಬೈಲ್ ನೋಡುತ್ತ ನಡೆಯುವವ, ಎಲ್ಲರೂ ಇದ್ದಾರೆ. ಅವರು ನಮ್ಮ ಪಂದ್ಯಕ್ಕೆ ಹೆಸರು ಕೊಟ್ಟವರಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಆ ಟ್ರ್ಯಾಕು ಚೆನ್ನಾಗಿ ಹೇಳಿತು.

ಚೆಲುವನ್ನು ಬಯಸುವುದು ತಪ್ಪೆಂದು ನಾನು ಅವನಿಗೆ ಹೇಳಲಿಲ್ಲ. ಝೀನತ್‌ಗೆ ನಮ್ಮ ದೀನ್‌ನಲ್ಲಿ ಜಾಗವಿದೆ. ಅಬ್ಬಾ ಕೂಡ ಈದಿನ ಹಿಂದಿನ ರಾತ್ರಿ ಕಡ್ಡಿ ಕಡ್ಡಿಯನ್ನೂ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಜಾಗವಿಲ್ಲದ್ದು ಇಸ್ರಾಫ್‌ಗೆ, ರಿಯಾಕ್ಕೆ. ತಿಂಗಳ ಊಟದ ಖರ್ಚನ್ನು ರಿಮ್ಮಿಗೆ ಸುರಿಯುವುದು ಮೊದಲನೆಯದು. ಕಂಡವರು ವ್ಹಾ ಎನ್ನಲಿ ಎಂದು ಕಾಣದವರ ಜೀವವನ್ನು ಪಣಕ್ಕಿಡುವುದು ಎರಡನೆಯದಕ್ಕಿಂತಲೂ ಕೆಟ್ಟದ್ದು. "ಇದು ವೇಗಕ್ಕಾಗಿ" ಎಂದು ಹೇಳಿಕೊಂಡು ಅಂದಕ್ಕಾಗಿ ಕೊಳ್ಳುವ ಬದಲು "ಇದು ಅಂದಕ್ಕಾಗಿ" ಎಂದು ಒಪ್ಪಿಕೊಂಡು ಕೊಂಡರೆ, ಎಷ್ಟು ಖರ್ಚು ಮಾಡಬೇಕು, ಏನನ್ನು ಬಿಟ್ಟುಕೊಡಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಕೊನೆಗೆ ಹುಡುಗ ತಾನೇ ದಾರಿ ಕಂಡುಕೊಂಡ. ಹಿಂದಿನ ಚಕ್ರಕ್ಕೆ ಅವನ ಇಷ್ಟದ ಬಿಳಿ ಆಳದ ರಿಮ್ಮು, ಸೆಕೆಂಡ್ ಹ್ಯಾಂಡ್. ಹಿಂದಿನ ಚಕ್ರವನ್ನು ಅಡ್ಡಗಾಳಿ ತಳ್ಳಿದರೂ ಹ್ಯಾಂಡಲ್ ತಿರುಗುವುದಿಲ್ಲ, ಅದರ ವೇಗ ತಗ್ಗಿಸುವುದು ಕಾಲು. ಮುಂದಿನದಕ್ಕೆ 32 ಕಡ್ಡಿಗಳ ಸಾದಾ ರಿಮ್ಮು, ಅಂಚಿನಲ್ಲಿ ಸಾಣೆ ಹಿಡಿದ ಪಟ್ಟಿ, ಮೇಲೆ ಒಂದು ಗಟ್ಟಿ ಬ್ರೇಕು. ಗೆಳೆಯರು ಜೋಡಿ ಸರಿಯಿಲ್ಲವೆಂದು ನಕ್ಕರಂತೆ. ಮಳೆ ಬಂದ ಮೊದಲ ಸಂಜೆ ಅವರಲ್ಲಿ ಒಬ್ಬ ಬಂದು, ಆ ಬ್ರೇಕ್ ಎಲ್ಲಿ ಸಿಗುತ್ತದೆಂದು ವಿಳಾಸ ಕೇಳಿಕೊಂಡು ಹೋದ.