ಸೌದೆ ಸೀಳುವ ಯಂತ್ರಕ್ಕೆ ಎರಡು ಹಿಡಿಕೆ ಏಕೆ?

ಮಕ್ಕಳೇ, ಕೊಡಲಿಯಿಂದ ಸೌದೆ ಸೀಳುವುದನ್ನು ನೀವು ನೋಡಿರಬಹುದು. ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ಅದರ ತಲೆಗೆ ಒಂದು ಏಟು ಹಾಕಿದರೆ ‘ಚಟ್’ ಎಂದು ಎರಡು ಹೋಳಾಗುತ್ತದೆ. ಅದೇ ದಿಮ್ಮಿಯನ್ನು ಮಲಗಿಸಿ ಅಡ್ಡಲಾಗಿ ಕಡಿದರೆ? ಹತ್ತು ಏಟು ಹಾಕಿದರೂ ತುಂಡಾಗುವುದಿಲ್ಲ. ಮರವೂ ಅದೇ, ಕೊಡಲಿಯೂ ಅದೇ, ಕಡಿಯುವ ಕೈಯೂ ಅದೇ. ಹಾಗಾದರೆ ಈ ವ್ಯತ್ಯಾಸ ಏಕೆ?

ಮರದ ಕಾಂಡದಲ್ಲಿ ನಾರುಗಳೂ ನೀರು ಸಾಗಿಸುವ ಸೂಕ್ಷ್ಮ ಕೊಳವೆಗಳೂ ಬುಡದಿಂದ ತುದಿಯ ಕಡೆಗೆ ಉದ್ದಕ್ಕೆ ಜೋಡಣೆಯಾಗಿರುತ್ತವೆ. ಪೊರಕೆ ಕಡ್ಡಿಗಳ ಕಟ್ಟನ್ನು ನೆನಪಿಸಿಕೊಳ್ಳಿ. ಅದನ್ನು ಅಡ್ಡಲಾಗಿ ಮುರಿಯುವುದು ಕಷ್ಟ. ಕಡ್ಡಿಗಳ ನಡುವೆ ಬೆರಳು ತೂರಿಸಿ ಬಿಡಿಸುವುದು ಸುಲಭ. ಮರವೂ ಹಾಗೆಯೇ. ಕೊಂಬೆ ಹುಟ್ಟಿದ ಜಾಗದಲ್ಲಿ ಮಾತ್ರ ನಾರುಗಳು ತಿರುಚಿಕೊಂಡು ಗಂಟಾಗಿರುತ್ತವೆ. ಅಲ್ಲಿ ಕೊಡಲಿಯೂ ಸೋಲುತ್ತದೆ.

ಕೊಡಲಿಯ ಬಾಯಿ ಒಂದು ಬೆಣೆ. ತುದಿ ತೆಳು, ಹಿಂಭಾಗ ದಪ್ಪ. ನಾವು ಕೆಳಮುಖವಾಗಿ ಕೊಟ್ಟ ಬಲವನ್ನು ಅದು ಎರಡೂ ಪಕ್ಕಗಳಿಗೆ ತಿರುಗಿಸಿ ನಾರುಗಳನ್ನು ದೂರ ತಳ್ಳುತ್ತದೆ. ಸರಳ ಯಂತ್ರಗಳ ಪಾಠದಲ್ಲಿ ನೀವು ಓದುವ ಬೆಣೆ ಇದೇ.

ಈ ಬೆಣೆಯನ್ನು ಎಂಜಿನ್ನಿನಿಂದ ಕೆಲಸ ಮಾಡಿಸಬಹುದೇ? ನನ್ನ ಭಾವ ಅದನ್ನು ಮಾಡಿದರು. ಆ ಕಥೆಯನ್ನು ಹೇಳುತ್ತೇನೆ.

ನನ್ನ ಅಕ್ಕನ ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅವರದು ಅಡಿಕೆ ತೋಟ. ಹಸಿ ಅಡಿಕೆಯನ್ನು ಸುಲಿದು, ಹಂಡೆಯಲ್ಲಿ ಬೇಯಿಸಿ, ಒಣಗಿಸಿದರೆ ಕೆಂಪಡಿಕೆಯಾಗುತ್ತದೆ. ಕೊಯ್ಲಿನ ಕಾಲದಲ್ಲಿ ಒಲೆ ಉರಿಯುತ್ತಲೇ ಇರಬೇಕು. ಆದರೆ ಅದಕ್ಕೆ ಬೇಕಾದ ಸೌದೆಯನ್ನು ಬೇಸಿಗೆಯಲ್ಲೇ ಸೀಳಿ, ಒಣಗಿಸಿ, ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಯಲ್ಲಿ ಪೇರಿಸಿಡಬೇಕು. ಏಕೆ ಗೊತ್ತೇ? ಕುದಿಯುವ ಒಂದು ಕಿಲೋಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲೊರಿ ಉಷ್ಣ ಬೇಕು. ಹಸಿ ಸೌದೆ ಉರಿಸಿದರೆ ಉಷ್ಣದ ಒಂದು ಪಾಲು ಅದರೊಳಗಿನ ನೀರನ್ನು ಓಡಿಸುವುದಕ್ಕೇ ವ್ಯಯವಾಗುತ್ತದೆ, ಹೊಗೆಯೂ ಹೆಚ್ಚು. ಸೀಳಿದ ಸೌದೆಯಲ್ಲಿ ಗಾಳಿಗೆ ತೆರೆದ ಮೈ ಹೆಚ್ಚಿರುವುದರಿಂದ ಬೇಗ ಒಣಗುತ್ತದೆ.

2021ರ ಬೇಸಿಗೆಯಲ್ಲಿ ಭಾವನ ಬಲ ಭುಜಕ್ಕೆ ಪೆಟ್ಟಾಯಿತು. ಇನ್ನು ಮುಂದೆ ಕೊಡಲಿ ಎತ್ತಬಾರದೆಂದು ವೈದ್ಯರು ಹೇಳಿದರು. ಸೌದೆ ಸೀಳಲು ಆಳು ಸಿಗಲಿಲ್ಲ. ಗಾಳಿಗೆ ಬಿದ್ದಿದ್ದ ಎರಡು ಮರಗಳ ದಿಮ್ಮಿಗಳು ಅಂಗಳದ ತುಂಬ ಬಿದ್ದಿದ್ದವು. ಮಳೆಗೆ ಉಳಿದಿದ್ದು ಆರೇ ವಾರ.

ಭಾವನ ಹತ್ತಿರ 5 ಅಶ್ವಶಕ್ತಿಯ ಹಳೆಯ ಡೀಸೆಲ್ ಎಂಜಿನ್ ಇತ್ತು. ಒಂದು ಕಾಲದಲ್ಲಿ ಅದು ಹೊಳೆಯಿಂದ ತೋಟಕ್ಕೆ ನೀರೆತ್ತುತ್ತಿತ್ತು. ಅದರ ಗಾಲಿಗೆ ತಿರುಪಿನಂಥ ಒಂದು ಉಕ್ಕಿನ ಶಂಕು ಜೋಡಿಸಿದರೆ, ಅದು ತಿರುಗುತ್ತಾ ದಿಮ್ಮಿಯೊಳಗೆ ಹೊಕ್ಕು ಸೀಳುತ್ತದೆ. ಖರ್ಚು ಕಡಿಮೆ. ಆದರೆ ಭಾವ ಅದನ್ನು ಬೇಡವೆಂದರು. “ಅದು ತಿರುಗ್ತಾನೇ ಇರುತ್ತೆ. ಪಂಚೆಯೋ ತೋಳೋ ಸಿಕ್ಕಿಬಿದ್ದರೆ ಎಂಜಿನ್ ನಿಲ್ಲಿಸೋಕೆ ಯಾರು ಓಡಬೇಕು?” ಎಂದರು.

ಹಾಗಾಗಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಯಂತ್ರವೇ ಆಗಲಿ ಎಂದು ತೀರ್ಮಾನವಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದ ನಿಯಮವಿದು. ಇದನ್ನೇ ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತು ಯಂತ್ರಕ್ಕೆ ಪೇಟೆಂಟ್ ಪಡೆದರು. ನಿಮ್ಮೂರಿಗೆ ಬರುವ ಜೆಸಿಬಿಯ ತೋಳು ಮೇಲೇಳುವುದೂ ಇದೇ ನಿಯಮದಿಂದ.

ಗುಜರಿ ಅಂಗಡಿಯಿಂದ ಒಂದು ಕಬ್ಬಿಣದ ತೊಲೆ, ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಒಂದು ಹಳೆಯ ಸಿಲಿಂಡರ್, ಒಂದು ಗೇರ್ ಪಂಪು ಬಂದವು. ತೊಲೆಯ ಒಂದು ತುದಿಗೆ ಉಕ್ಕಿನ ಬೆಣೆಯನ್ನು ವೆಲ್ಡಿಂಗ್ ಮಾಡಿಸಿದರು. ಇನ್ನೊಂದು ತುದಿಯಲ್ಲಿ ಸಿಲಿಂಡರ್. ನಡುವೆ ದಿಮ್ಮಿ. ಸಿಲಿಂಡರಿನ ಪಿಸ್ಟನ್ ದಿಮ್ಮಿಯನ್ನು ಬೆಣೆಯ ಮೇಲೆ ನೂಕಬೇಕು. ಭೌತಶಾಸ್ತ್ರ ಓದಿದವನೆಂದು ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು. ಬನ್ನಿ, ನೀವೂ ಲೆಕ್ಕ ಮಾಡಿ.

ಪಿಸ್ಟನ್ನಿನ ವ್ಯಾಸ 10 ಸೆಂ.ಮೀ. ಅಂದರೆ ಅದರ ವಿಸ್ತೀರ್ಣ 78.5 ಚದರ ಸೆಂ.ಮೀ. ಎಣ್ಣೆಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 150 ಕಿಲೋಗ್ರಾಂ. ಎರಡನ್ನೂ ಗುಣಿಸಿದರೆ 11,775 ಕಿಲೋಗ್ರಾಂ. ಎರಡು ದೊಡ್ಡ ಆನೆಗಳ ತೂಕಕ್ಕಿಂತ ಹೆಚ್ಚು ಬಲ! ಹಳೆಯ ಎಂಜಿನ್ನಿಗೆ ಇಷ್ಟು ಬಲ ಪುಕ್ಕಟೆಯಾಗಿ ಬಂತೇ? ಇಲ್ಲ. ಪಂಪು ಒಂದು ಸುತ್ತಿಗೆ 8 ಘನ ಸೆಂ.ಮೀ. ಎಣ್ಣೆ ತಳ್ಳುತ್ತದೆ. ನಿಮಿಷಕ್ಕೆ 1,500 ಸುತ್ತು ಎಂದರೆ ಸೆಕೆಂಡಿಗೆ 200 ಘನ ಸೆಂ.ಮೀ. ಇದನ್ನು 78.5ರಿಂದ ಭಾಗಿಸಿ. ಪಿಸ್ಟನ್ ಸೆಕೆಂಡಿಗೆ ಸುಮಾರು ಎರಡೂವರೆ ಸೆಂ.ಮೀ. ಮಾತ್ರ ಚಲಿಸುತ್ತದೆ. ಬಲ ಹೆಚ್ಚಿತು, ವೇಗ ಇಳಿಯಿತು. ಪ್ರಕೃತಿ ಕೊಡುವ ಬಲಕ್ಕೆ ವೇಗದ ಬೆಲೆ ತೆರಲೇಬೇಕು.

ಲೆಕ್ಕ ಸರಿಹೋಯಿತು. ಎಣ್ಣೆಯನ್ನು ಬಿಡುವ ಕವಾಟಕ್ಕೆ ಒಂದು ಹಿಡಿಕೆ ಇಟ್ಟೆವು. ಹಿಡಿಕೆ ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಂದು ಪಿಸ್ಟನ್ನನ್ನು ನಿಲ್ಲಿಸುತ್ತದೆ. ಭಾವ ಬಲಗೈಯಿಂದ ಹಿಡಿಕೆ ಒತ್ತುವುದನ್ನು ತೋರಿಸುತ್ತಿದ್ದರು. ಆಗ ಆರನೇ ತರಗತಿಯಲ್ಲಿದ್ದ ಅವರ ಮಗಳು ಕೇಳಿದಳು: “ಅಪ್ಪ, ಆವಾಗ ನಿನ್ನ ಎಡಗೈ ಎಲ್ಲಿರುತ್ತೆ?”

ಎಲ್ಲರೂ ನೋಡಿದೆವು. ಎಡಗೈ ದಿಮ್ಮಿ ಉರುಳದಂತೆ ಅದನ್ನು ಹಿಡಿದುಕೊಂಡಿತ್ತು. ಬೆಣೆಯಿಂದ ಒಂದು ಗೇಣು ದೂರದಲ್ಲಿ!

ಕೊಡಲಿ ಹಿಡಿದವರಿಗೆ ಆಯಾಸವಾಗುತ್ತದೆ, ಕಣ್ಣು ನೋಡುತ್ತದೆ, ಕೈ ತಡೆಯುತ್ತದೆ. ಯಂತ್ರಕ್ಕೆ ಮರದ ನಾರೂ ಒಂದೇ, ನಮ್ಮ ಬೆರಳೂ ಒಂದೇ. ನಿಧಾನವಾಗಿ ಚಲಿಸಿದರೂ ಅದು ದಯೆ ತೋರುವುದಿಲ್ಲ.

ಭಾವ ಅಂದು ಎಂಜಿನ್ ಚಾಲೂ ಮಾಡಲಿಲ್ಲ. ಎರಡು ದಿನ ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ಕವಾಟದ ಕಡ್ಡಿಗೆ ನೊಗದಂಥ ಒಂದು ಪಟ್ಟಿಯನ್ನು ಅದರ ನಡುವೆ ತಿರುಗಣೆ ಇಟ್ಟು ಜೋಡಿಸಿದರು. ಪಟ್ಟಿಯ ಎರಡು ತುದಿಗೂ ಒಂದೊಂದು ಹಿಡಿಕೆ. ಒಂದನ್ನು ಮಾತ್ರ ಒತ್ತಿದರೆ ಪಟ್ಟಿ ಓರೆಯಾಗುತ್ತದೆಯೇ ಹೊರತು ಕವಾಟ ತೆರೆಯುವುದಿಲ್ಲ. ಒಂದೇ ಎತ್ತು ಎಳೆದರೆ ನೊಗ ವಾಲುವುದಿಲ್ಲವೇ, ಹಾಗೆ. ಎರಡೂ ಕೈ ಒಟ್ಟಿಗೆ ಒತ್ತಿದರೆ ಮಾತ್ರ ಪಿಸ್ಟನ್ ಮುಂದೆ ಸಾಗುತ್ತದೆ. ಯಾವ ಕೈ ಬಿಟ್ಟರೂ ನಿಲ್ಲುತ್ತದೆ. ದಿಮ್ಮಿ ಉರುಳದಂತೆ ತೊಲೆಯ ಎರಡೂ ಬದಿಗೆ ಕಬ್ಬಿಣದ ತೊಟ್ಟಿಲು ಬಂತು.

ಜೊತೆಗೆ ನಿಯಮಗಳೂ ಬಂದವು. ದಿಮ್ಮಿ ಇಟ್ಟವರೇ ಹಿಡಿಕೆ ಒತ್ತಬೇಕು. ಒಬ್ಬರು ಇಟ್ಟು ಇನ್ನೊಬ್ಬರು ಒತ್ತಬಾರದು. ಸುತ್ತಲೂ ಎಳೆದ ಸುಣ್ಣದ ಗೆರೆಯನ್ನು ಮಕ್ಕಳು ದಾಟಬಾರದು. ಎಣ್ಣೆ ಸೋರುತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬಾರದು. ಅಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗಬಲ್ಲದು.

ಮಳೆಗೆ ಮೊದಲೇ ಕೊಟ್ಟಿಗೆ ತುಂಬಿತು. ಗಂಟು ಗಂಟಾಗಿದ್ದ ಒಂದು ಬುಡದ ದಿಮ್ಮಿ ಮಾತ್ರ ಯಂತ್ರಕ್ಕೂ ಬಗ್ಗಲಿಲ್ಲ. ಒತ್ತಡ ಮಿತಿ ಮೀರಿದಾಗ ಸುರಕ್ಷಾ ಕವಾಟ ತೆರೆದು ಎಣ್ಣೆ ತೊಟ್ಟಿಗೆ ವಾಪಸಾಯಿತು. ಆ ದಿಮ್ಮಿ ಈಗ ಜಗಲಿಯ ಮುಂದೆ ಕೂರುವ ಮಣೆಯಾಗಿದೆ.

ಮಾಡಿ ನೋಡಿ: ಔಷಧ ಅಂಗಡಿಯಿಂದ 5 ಮತ್ತು 20 ಮಿಲಿಲೀಟರಿನ ಹೊಸ ಸಿರಿಂಜುಗಳನ್ನು ಸೂಜಿ ಇಲ್ಲದೆ ತನ್ನಿ. ಬಳಸಿ ಎಸೆದದ್ದು ಖಂಡಿತ ಬೇಡ. ಶಿಕ್ಷಕರ ನೆರವಿನಿಂದ ಎರಡಕ್ಕೂ ನೀರು ತುಂಬಿ, ಒಳಗೆ ಗಾಳಿ ಇಲ್ಲದಂತೆ ಸಣ್ಣ ಕೊಳವೆಯಿಂದ ಜೋಡಿಸಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ಹೆಬ್ಬೆರಳಿನಿಂದ ತಡೆಯಲಿ. ಯಾರು ಗೆಲ್ಲುತ್ತಾರೆ? ಯಾವ ಕೊಂತ ಹೆಚ್ಚು ದೂರ ಚಲಿಸುತ್ತದೆ? ಬರೆದಿಡಿ.

ಇನ್ನೊಂದು ಕೆಲಸ. ನಿಮ್ಮೂರಿನ ಹಿಟ್ಟಿನ ಗಿರಣಿ, ಕಬ್ಬಿನ ಹಾಲಿನ ಯಂತ್ರ, ಮೇವು ಕತ್ತರಿಸುವ ಯಂತ್ರಗಳನ್ನು ದೂರ ನಿಂತು ಗಮನಿಸಿ. ಯಂತ್ರ ನಡೆಯುವಾಗ ಕೆಲಸ ಮಾಡುವವರ ಎರಡು ಕೈಗಳೂ ಎಲ್ಲಿರುತ್ತವೆ? ಚಿತ್ರ ಬರೆದು ತರಗತಿಯಲ್ಲಿ ಚರ್ಚಿಸಿ. ಮನೆಯ ಹಿರಿಯರಿಗೂ ತೋರಿಸಿ.