ಮನೆಯಲ್ಲೇ ಹುಡುಕಿದ ಕರಾವಳಿ

ಪ್ರವಾಸವೆಂಬುದು ಬಸ್ಸು ಶಾಲೆಯ ಗೇಟು ದಾಟಿದ ಮೇಲೆ ಆರಂಭವಾಗುವುದೆಂದು ಬಹುಮಂದಿ ಭಾವಿಸುತ್ತಾರೆ. ಮೂರು ದಶಕಗಳಿಗೂ ಮಿಗಿಲಾಗಿ ಸಮಾಜ ವಿಜ್ಞಾನ ಬೋಧಿಸಿದ ನನ್ನ ಅನುಭವ ಬೇರೆ. ಪ್ರವಾಸದ ಮುಕ್ಕಾಲು ಪಾಲು ಮನೆಯಲ್ಲಿಯೇ ನಡೆದಿರಬೇಕು. ಉಳಿದ ಕಾಲು ಪಾಲನ್ನು ಹೋಗಿ ಕಣ್ಣಾರೆ ಕಂಡು ಬರಬೇಕು. ಇದನ್ನು ನನಗೆ ಮನಗಾಣಿಸಿದ್ದು 1998ರ ಡಿಸೆಂಬರ್ ತಿಂಗಳ ಕರಾವಳಿ ಪ್ರವಾಸ. ಆ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದ ನಲವತ್ತೆರಡು ಮಂದಿಯಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ನಿಮಗೆ ನೆನಪಿದೆಯೇ?

ಜಯನಗರದ ನಮ್ಮ ಶಾಲೆಯ ಆ ಮಕ್ಕಳಲ್ಲಿ ಸಮುದ್ರವನ್ನು ಕಂಡಿದ್ದವರು ಬೆರಳೆಣಿಕೆಯಷ್ಟು. ಮಂಗಳೂರು, ಉಡುಪಿ, ಮಲ್ಪೆ ಎಂಬ ಹೆಸರುಗಳು ಪಠ್ಯಪುಸ್ತಕದ ಭೂಪಟದಲ್ಲಿ ನೀಲಿ ಬಣ್ಣದ ಅಂಚಿನಲ್ಲಿದ್ದ ಚುಕ್ಕೆಗಳು ಮಾತ್ರ. ಹೊರಡುವುದಕ್ಕೆ ಮೂರು ವಾರ ಮೊದಲು ನಾನೊಂದು ಮನೆಗೆಲಸ ಕೊಟ್ಟೆ. "ನಿಮ್ಮ ಮನೆಯೊಳಗೆ ಅಥವಾ ನಿಮ್ಮ ಬೀದಿಯಲ್ಲಿ ಕರಾವಳಿಯಿಂದ ಬಂದದ್ದು ಏನಿದೆ, ಹುಡುಕಿ ಬರೆದು ತನ್ನಿ." ಮಕ್ಕಳು ಮೊದಲು ಮುಖ ಮುಖ ನೋಡಿಕೊಂಡರು. ಬನಶಂಕರಿಯ ಸೈಟಿನ ಮನೆಯಲ್ಲಿ ಕಡಲೆಲ್ಲಿಂದ ಬರಬೇಕು?

ಒಂದು ವಾರ ಕಳೆಯುವಷ್ಟರಲ್ಲಿ ಕಡಲು ತರಗತಿಯೊಳಕ್ಕೇ ನುಗ್ಗಿತು. ಒಬ್ಬನು ಬಸವನಗುಡಿಯಲ್ಲಿದ್ದ ತಾತನ ಹಳೆಯ ಮನೆಯಿಂದ ಒಡೆದ ಹೆಂಚೊಂದನ್ನು ಚೀಲದಲ್ಲಿ ಹೊತ್ತು ತಂದನು. ಅದರ ಬೆನ್ನ ಮೇಲೆ ಮಂಗಳೂರು ಎಂಬ ಅಚ್ಚಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚಿನ ಕಾರ್ಖಾನೆ ಆರಂಭಿಸಿದ ಕಥೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಕೆ? ಇನ್ನೊಬ್ಬಳ ತಂದೆಯ ಕಪಾಟಿನಲ್ಲಿ ಕಿಟೆಲ್ ನಿಘಂಟು ಇತ್ತು. 1894ರಲ್ಲಿ ಅದು ಅಚ್ಚಾದದ್ದೂ ಮಂಗಳೂರಿನಲ್ಲಿಯೇ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರಡಿಸಿದ್ದೂ ಅಲ್ಲಿಂದಲೇ. ಚಿಕ್ಕಂದಿನಲ್ಲಿ ನಾವೆಲ್ಲ ಹಾಡಿಕೊಂಡ 'ಹಾವಿನ ಹಾಡ'ನ್ನು ಬರೆದ ಪಂಜೆ ಮಂಗೇಶರಾಯರು ಬಂಟ್ವಾಳದವರೆಂದಾಗ, ಅದುವರೆಗೆ ಆ ಹಾಡಿಗೆ ಊರೊಂದಿದೆಯೆಂದೇ ಮಕ್ಕಳು ಯೋಚಿಸಿರಲಿಲ್ಲ.

ಮೂವರು ಅಪ್ಪಂದಿರ ಪಾಸ್‌ಬುಕ್ಕುಗಳನ್ನು ನೋಡಿ ಬಂದಿದ್ದರು. ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ, ಐದೂ ಅವಿಭಜಿತ ದಕ್ಷಿಣ ಕನ್ನಡದಲ್ಲಿಯೇ ಹುಟ್ಟಿದವು. (ಇಂದು ಆ ಐದರಲ್ಲಿ ಕೆನರಾ ಮತ್ತು ಕರ್ಣಾಟಕ ಬ್ಯಾಂಕುಗಳ ಹೆಸರು ಮಾತ್ರ ಉಳಿದಿವೆ, ಉಳಿದ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು.) ಇನ್ನು ಹೋಟೆಲುಗಳ ವಿಷಯ ಹೇಳಬೇಕಾದದ್ದೇ ಇಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಮಯ್ಯ ಸಹೋದರರು, 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನವನ್ನು ತೆರೆದ ವೆಂಕಟರಮಣ ಉರಾಳರು, ಎಲ್ಲರೂ ಕಡಲ ಕಡೆಯವರು. ದೋಸೆ ತಿನ್ನುವುದೂ ಭೂಗೋಳದ ಅಭ್ಯಾಸವಾಗಬಲ್ಲದೆಂದು ಮಕ್ಕಳು ಅಂದು ಕಲಿತರು. ಗಣಿತಕ್ಕೂ ಇದನ್ನು ಅನ್ವಯಿಸಬಹುದೇ ಎಂದು ಒಬ್ಬ ತುಂಟ ಕೇಳಿದ್ದನು!

ಒಬ್ಬ ಹುಡುಗನ ತಾತ ಒಂದು ಹಳೆಯ ಭೂಪಟವನ್ನೇ ಕಳಿಸಿಕೊಟ್ಟಿದ್ದರು. ಅದರಲ್ಲಿ ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ವಶವಾದ ಕೆನರಾ ಜಿಲ್ಲೆಯನ್ನು ಮುಂದೆ ಎರಡಾಗಿ ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಕೊಟ್ಟರು. ಒಂದೇ ಕಡಲ ತೀರದ ಕನ್ನಡಿಗರು ತೊಂಬತ್ತಕ್ಕೂ ಹೆಚ್ಚು ವರ್ಷ ಎರಡು ರಾಜಧಾನಿಗಳಿಗೆ ಅರ್ಜಿ ಬರೆದರು. 1956ರ ನವೆಂಬರ್ 1ರಂದು ಅವರು ನಮ್ಮೊಡನೆ ಒಂದಾದರೂ, ಕಾಸರಗೋಡು ಕೇರಳಕ್ಕೆ ಹೋಯಿತು. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳ ಮಂಜೇಶ್ವರ ಹೀಗೆ ಗಡಿಯಾಚೆ ಉಳಿಯಿತು.

ಮಳೆಯ ಪಾಠವನ್ನು ಕಾಗದದ ಪಟ್ಟಿಗಳಲ್ಲಿ ಮಾಡಿದೆವು. ಬೆಂಗಳೂರಿನ ವರ್ಷದ ಮಳೆ ಒಂದು ಮೀಟರಿನ ಆಸುಪಾಸು. ಆ ಪಟ್ಟಿ ನಿಂತ ಹುಡುಗನ ಸೊಂಟಕ್ಕೆ ಬಂದಿತು. ಮಂಗಳೂರಿನದು ಮೂರೂವರೆ ಮೀಟರಿಗೂ ಹೆಚ್ಚು. ಅದು ತರಗತಿಯ ಸೂರನ್ನು ಮುಟ್ಟಿ ಮಡಚಿಕೊಂಡಿತು. ಆಗುಂಬೆಯ ಏಳು ಮೀಟರಿನ ಪಟ್ಟಿಯನ್ನು ಮಹಡಿಯಿಂದ ಇಳಿಬಿಡಬೇಕಾಯಿತು. ಅರಬ್ಬೀ ಸಮುದ್ರದಿಂದ ಬರುವ ಮೋಡವನ್ನು ಪಶ್ಚಿಮ ಘಟ್ಟ ತಡೆದು ನಿಲ್ಲಿಸುವುದನ್ನೂ, ಅಷ್ಟು ಮಳೆ ಜಾರಿಹೋಗಲೆಂದೇ ಹೆಂಚಿನ ಮಾಡು ಇಳಿಜಾರಾಗಿರುವುದನ್ನೂ ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಆ ತರಗತಿಯಲ್ಲಿ ಮಿತಭಾಷಿಯಾದ ಹುಡುಗಿಯೊಬ್ಬಳಿದ್ದಳು. ತಂದೆ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿಯುತ್ತಿದ್ದರು. ಮೂಲ ಗಂಗೊಳ್ಳಿಯ ಹತ್ತಿರದ ಮೀನುಗಾರರ ಮನೆತನ. ಅವಳ ಕುಂದಾಪುರದ ಕನ್ನಡವನ್ನು ಕೇಳಿ ಕೆಲವರು ನಗುತ್ತಿದ್ದುದರಿಂದ ಅವಳು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು. ಅವಳು ತಂದ ಹಾಳೆಯಲ್ಲಿ ಒಂದೇ ಸಾಲಿತ್ತು: "ನಮ್ಮ ಮನೆಯಲ್ಲಿ ಕರಾವಳಿಯಿಂದ ಬಂದದ್ದು ನನ್ನ ಅಜ್ಜಿ."

ಮುಂದಿನ ಶನಿವಾರ ಮಧ್ಯಾಹ್ನ ಹತ್ತು ಮಕ್ಕಳೊಂದಿಗೆ ಬನಶಂಕರಿಯ ಆ ಪುಟ್ಟ ಮನೆಗೆ ಹೋದೆ. ಅಜ್ಜಿ ನಮಗೆಲ್ಲ ಬೆಲ್ಲ ನೀರು ಕೊಟ್ಟು, ನೆಲದ ಮೇಲೆ ರಂಗೋಲಿ ಪುಡಿಯಿಂದ ದಡವನ್ನೂ ಅಲೆಗಳನ್ನೂ ಬರೆದರು. ದಡಕ್ಕೆ ಬಂದ ನೀರೆಲ್ಲ ಹಿಂದಿರುಗಲೇಬೇಕಷ್ಟೆ. ಅದು ಒಂದು ಸಂದಿಯನ್ನು ಹುಡುಕಿಕೊಂಡು ಅಲ್ಲಿಂದ ರಭಸವಾಗಿ ಹೋಗುತ್ತದೆ. ಆ ಸಂದಿಯಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಶಾಂತವಾಗಿ ತುಸು ಕಪ್ಪಾಗಿ ಕಾಣುತ್ತದೆ. ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದತ್ತ ಈಜಿ ದಣಿಯಬಾರದು, ತೇಲಿಕೊಂಡು ಪಕ್ಕಕ್ಕೆ ಸರಿಯಬೇಕು. ಇದಿಷ್ಟನ್ನು ಹೇಳಿ ಅವರು, ತಮ್ಮ ತಮ್ಮನೊಬ್ಬ ಕಡಲಿಗೆ ಹೋಗಿ ಮರಳಲಿಲ್ಲವೆಂಬುದನ್ನೂ ಸಮಾಧಾನವಾಗಿಯೇ ತಿಳಿಸಿದರು. "ಕಡ್ಲಿಗ್ ಹೆದ್ರೂಕಾಗ, ಆರೆ ಮರ್ಯಾದಿ ಕೊಡ್ಕ್" ಎಂಬುದು ಅವರ ಕೊನೆಯ ಮಾತು. ಹೆದರಬಾರದು, ಆದರೆ ಮರ್ಯಾದೆ ಕೊಡಬೇಕು. ಮೊಮ್ಮಗಳು ಅದನ್ನು ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳಿದಳು, ಯಾರೂ ನಗಲಿಲ್ಲ.

ಪ್ರವಾಸದ ಮೂರನೆಯ ದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ ಭಾರತವು ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ ಲಾವಾರಸ ತಣಿದು ಕಂಬ ಕಂಬವಾಗಿ ನಿಂತ ಆ ಶಿಲೆಗಳನ್ನು ಮಕ್ಕಳು ಮೈಮರೆತು ಮುಟ್ಟಿ ನೋಡಿದರು. ಸಂಜೆ ಮಲ್ಪೆಯ ಮರಳಿನಲ್ಲಿ, ಸ್ಥಳೀಯ ಮೀನುಗಾರರೊಬ್ಬರ ಕಾವಲಿನಲ್ಲಿ, ಮೊಣಕಾಲುದ್ದದ ನೀರಿಗೆ ಮಾತ್ರ ಅನುಮತಿ. ಈಜುಕೊಳದಲ್ಲಿ ಈಜು ಕಲಿತಿದ್ದ ಹುಡುಗನೊಬ್ಬ ಅಲೆಯಿಲ್ಲದ ಕಡೆಗೆ ನಾಲ್ಕು ಹೆಜ್ಜೆ ಹಾಕಿದ್ದನು. ನಾನು ಬಾಯಿ ತೆರೆಯುವ ಮೊದಲೇ ಅವನೇ ನಿಂತುಬಿಟ್ಟನು. "ಮೇಡಂ, ಇಲ್ಲಿ ನೊರೆ ಇಲ್ಲ" ಎಂದು ಕೂಗಿ ಹಿಂದೆ ಬಂದನು. ಮೀನುಗಾರರು ಅತ್ತ ನೋಡಿ, "ಹೌದು, ಅಲ್ಲಿ ಸೆಳೆತ ಉಂಟು. ಈ ಮಕ್ಕಳಿಗೆ ಯಾರು ಹೇಳಿಕೊಟ್ಟದ್ದು?" ಎಂದು ಕೇಳಿದರು. ಎಲ್ಲರ ಕಣ್ಣೂ ಆ ಹುಡುಗಿಯ ಕಡೆಗೆ ತಿರುಗಿತು.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸದಲ್ಲಿದ್ದಾಗ ತೀರಿಕೊಂಡರು. ನಮ್ಮ ಹಾಗೆಯೇ ಬಯಲು ಸೀಮೆಯ ಮಕ್ಕಳು. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಾದ ಮೇಲೆ ನಿಮ್ಮಲ್ಲಿ ಕೆಲವರು, ಮಕ್ಕಳನ್ನು ಕಡಲಿನ ಪ್ರವಾಸಕ್ಕೆ ಕಳಿಸಬೇಕೋ ಬೇಡವೋ ಎಂದು ನನ್ನನ್ನು ಕೇಳಿದ್ದೀರಿ.

ಕಳಿಸಿ ಎಂಬುದೇ ನನ್ನ ಉತ್ತರ. ಮುನ್ನೂರಿಪ್ಪತ್ತು ಕಿಲೋಮೀಟರಿನಷ್ಟು ಕಡಲ ತೀರವಿರುವ ನಾಡಿನ ಮಗು ಕಡಲನ್ನು ಕಾಣದೆ ಬೆಳೆಯಬಾರದು. ಆದರೆ ಹಣ ಕಟ್ಟಿ ಬ್ಯಾಗು ತುಂಬಿಸುವುದರೊಂದಿಗೆ ನಿಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಬೇಡಿ. ಕಾವಲಿಗೆ ಯಾರಿರುತ್ತಾರೆ, ನೀರಿಗಿಳಿಯುವ ನಿಯಮವೇನು ಎಂದು ಶಾಲೆಯವರನ್ನು ಕೇಳಿ. ಕೇಳಿದರೆ ಅವರು ಬೇಸರಿಸಲಾರರು. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೇ ನಿಷೇಧವಿರುವುದೇಕೆಂದು ಮಗುವಿಗೆ ವಿವರಿಸಿ. ನೊರೆಯಿಲ್ಲದ ನೀರಿನ ಚಿತ್ರವನ್ನು ಒಮ್ಮೆ ಬರೆದು ತೋರಿಸಿ. ಇಂದು ಅದಕ್ಕೆ ರಿಪ್ ಕರೆಂಟ್ ಎಂಬ ಹೆಸರಿದೆ, ಮೊಬೈಲಿನಲ್ಲಿ ದೃಶ್ಯಗಳೂ ಸಿಗುತ್ತವೆ. ಆದರೂ ನಿಮ್ಮ ಬೀದಿಯ ಹೋಟೆಲಿನಲ್ಲಿಯೋ ಪಕ್ಕದ ಮನೆಯಲ್ಲಿಯೋ ಕಡಲ ತಡಿಯವರೊಬ್ಬರು ಇದ್ದೇ ಇರುತ್ತಾರೆ. ಮಗುವನ್ನು ಅವರ ಬಳಿ ಕರೆದೊಯ್ದು ಒಂದು ಸಂಜೆ ಕೂರಿಸಿ. ಪುಸ್ತಕದಲ್ಲಿ ಸಿಗದ ಮಾತೊಂದು ಸಿಗುವುದು ಖಂಡಿತ. ಆ ಮಾತು ಒಂದು ಜೀವವನ್ನು ಉಳಿಸಲೂಬಹುದು.