ಬೀಗದ ಕೈ

ಮಣಲಿ ಎಂದರೆ ನಮ್ಮ ಮೊಮ್ಮಗಳಿಗೆ ಹಿಮಾಚಲದ ಹಿಮ. "ತಾತ, ನೀವು ಅಲ್ಲಿ ಮೂವತ್ತು ವರ್ಷ ಇದ್ದಿರಾ?" ಎಂದು ಕಣ್ಣರಳಿಸಿ ಕೇಳುತ್ತಾಳೆ. ಇದ್ದೆ, ನಿಜ. ಆದರೆ ನಾನಿದ್ದದ್ದು ಮದರಾಸಿನ ಉತ್ತರಕ್ಕೆ, ತಿರುವೊತ್ತಿಯೂರಿನಿಂದ ಬಕಿಂಗ್‌ಹ್ಯಾಂ ಕಾಲುವೆ ದಾಟಿದರೆ ಸಿಕ್ಕುವ ಮಣಲಿಯಲ್ಲಿ. ತಮಿಳಿನ ಮಣಲ್ ನಮ್ಮ ಮಳಲು. ತಿಪಟೂರಿನ ತೆಂಗಿನ ನೆರಳಿನಿಂದ ಹೋದ ನನಗೆ ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೂ ಮಳಲು ಮತ್ತು ಬಿಸಿಲೇ.

ನಾನು ಹೋದದ್ದು 1972ರಲ್ಲಿ. ಎಣ್ಣೆ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆ 1969ರಲ್ಲಿಯೇ ಕೆಲಸ ಆರಂಭಿಸಿತ್ತು. ಅದರ ಬಳಿಯ ಗೊಬ್ಬರದ ಕಾರ್ಖಾನೆಯೂ ಆಗತಾನೇ ಎದ್ದಿತ್ತು. ಆನೆಯ ಹಿಂದೆ ಮರಿಗಳು ನಡೆಯುವಂತೆ ಇವುಗಳ ಸುತ್ತ ಸಣ್ಣಪುಟ್ಟ ಕಾರ್ಖಾನೆಗಳೂ ಹುಟ್ಟಿಕೊಂಡಿದ್ದವು. ಅಂಥದೊಂದರಲ್ಲಿ ನಾನು ಸ್ಟೋರ್ ಕೀಪರು. ಅದರ ಹೆಸರು ಬೇಡ. ಅದು ಮುಚ್ಚಿ ಬಹಳ ಕಾಲವಾಯಿತು.

ಸ್ಟೋರ್ ಕೀಪರ ಎಂದರೆ ಬೀಗದ ಕೈಗಳ ಯಜಮಾನ. ಸೊಂಟದಲ್ಲಿ ಹದಿನಾಲ್ಕು ಕೈಗಳ ಗೊಂಚಲು ಜಣಜಣ ಎನ್ನುತ್ತಿರುವಾಗ ನಾನು ಒಂದು ಸಂಸ್ಥಾನದ ದಿವಾನನೆಂದೇ ಭಾವಿಸಿದ್ದೆ. ನನ್ನ ಮೇಜಿನ ಹಿಂದಿನ ಗೋಡೆಗೆ 1948ರ ಕಾರ್ಖಾನೆ ಕಾಯಿದೆಯ ಸಾರಾಂಶ ಚೌಕಟ್ಟಿನಲ್ಲಿ ತೂಗುತ್ತಿತ್ತು. ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ನಿಯಮವಿದ್ದುದರಿಂದ ಇಂಗ್ಲಿಷಿನ ಪಕ್ಕದಲ್ಲಿ ತಮಿಳು. ತಮಿಳು ಅಕ್ಷರ ಕಲಿಯಲು ನನಗೆ ಒದಗಿದ ಮೊದಲ ಪುಸ್ತಕ ಅದು.

ಬೇಸರವಾದಾಗ ಓದಿದರೆ ಬಹಳ ಸ್ವಾರಸ್ಯವಾಗಿರುತ್ತಿತ್ತು. ಪ್ರತಿ ನೂರೈವತ್ತು ಮಂದಿಗೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇನ್ನೂರೈವತ್ತಕ್ಕಿಂತ ಹೆಚ್ಚು ಜನರಿದ್ದರೆ ಉಪಾಹಾರಗೃಹ, ಬೇಸಗೆಯಲ್ಲಿ ತಂಪು ನೀರು. ಕಾಯಿದೆಯ ಲೇಖನಿ ಯಾವುದನ್ನೂ ಬಿಟ್ಟಿರಲಿಲ್ಲ. ನಿಂತು ದುಡಿಯುವವನಿಗೆ ಬಿಡುವು ಸಿಕ್ಕಾಗ ಕೂರಲು ಆಸನವಿರಬೇಕು. ಸಿಕ್ಕಸಿಕ್ಕಲ್ಲಿ ಉಗುಳಿದವನಿಗೆ ಐದು ರೂಪಾಯಿ ಮೀರದ ದಂಡ! ಆ ಫಲಕದ ಕೆಳಗಿನ ಗೋಡೆಯೇ ಎಲೆಅಡಿಕೆಯ ರಸದಿಂದ ಕೆಂಪಾಗಿದ್ದಿತು. ಅದನ್ನು ನೋಡಿ ನಾನು ನಗುತ್ತಿದ್ದೆ. ಕಾಯಿದೆಯೆಂದರೆ ಇನ್‌ಸ್ಪೆಕ್ಟರು ಬಂದ ದಿನ ಧೂಳು ಒರೆಸಬೇಕಾದ ಒಂದು ಚಿತ್ರಪಟವೆಂದು ತಿಳಿದವರಲ್ಲಿ ನಾನೂ ಒಬ್ಬ.

ನಮ್ಮ ಪಂಪಿನ ಮನೆಗೆ ಎರಡು ಬಾಗಿಲು. ಮುಂದಿನದು ಅಂಗಳಕ್ಕೆ, ಹಿಂದಿನದನ್ನು ತೆರೆದರೆ ನಾಲ್ಕು ಹೆಜ್ಜೆಯಲ್ಲಿ ನೀರಿನ ತೊಟ್ಟಿ, ಕೊಳಾಯಿ. ಹಿಂಬಾಗಿಲಿನಿಂದ ಹಿತ್ತಾಳೆಯ ಸಾಮಾನು ಕಳುವಾಗುತ್ತದೆಂದು ದೂರು ಬಂತು. ನಾನು ಬೀಗ ಜಡಿದೆ. ಕಳವು ನಿಂತಿತು. ಮೇಲಿನವರು ಬೆನ್ನು ತಟ್ಟಿದರು.

1979ರ ಬೇಸಗೆ. ಮಧ್ಯಾಹ್ನ ಮೂರು ಗಂಟೆ. ಎದುರಿನ ಚಹದಂಗಡಿಯಲ್ಲಿ ಲೋಟ ಕೈಗೆತ್ತಿಕೊಂಡಿದ್ದೆ. ಒಳಗಿನಿಂದ ಕೂಗು ಕೇಳಿಸಿತು. ಫಿಟ್ಟರೊಬ್ಬ ಪೈಪಿನ ಜೋಡಣೆ ಸಡಿಲಿಸುವಾಗ ಕಾಸ್ಟಿಕ್ ಸೋಡಾದ ನೀರು ಚಿಮ್ಮಿ ಮುಖಕ್ಕೆ ಬಿದ್ದಿತ್ತು. ಕಣ್ಣು ಕಾಣದ ಆತ ರೂಢಿಯಂತೆ ಹಿಂಬಾಗಿಲಿಗೇ ಓಡಿ, ಎರಡು ಕೈಯಿಂದಲೂ ಬಡಿದ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಜೊತೆಯವರು ಅವನ ರಟ್ಟೆ ಹಿಡಿದು ಮುಂಬಾಗಿಲಿನಿಂದ ಸುತ್ತಿಸಿ ನೀರಿಗೆ ಕರೆತರುವಷ್ಟರಲ್ಲಿ ಎಷ್ಟು ಹೊತ್ತಾಯಿತೋ, ನಾನು ಗಡಿಯಾರ ನೋಡಲಿಲ್ಲ. ಆಮ್ಲಕ್ಕಿಂತ ಕ್ಷಾರ ಕಣ್ಣಿಗೆ ಕೆಟ್ಟದ್ದು. ಅದು ಒಳಒಳಗೇ ಇಳಿಯುತ್ತ ಹೋಗುತ್ತದೆ. ಒಡನೆಯೇ ನೀರು ಹಾಯಿಸಿ, ಕನಿಷ್ಠ ಹದಿನೈದು ನಿಮಿಷ ಬಿಡದೆ ತೊಳೆಯಬೇಕು. ಇದನ್ನು ನಾನು ಕಲಿತದ್ದು ಆಮೇಲೆ, ಆಸ್ಪತ್ರೆಯ ಜಗುಲಿಯಲ್ಲಿ. ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು.

ವಾಚಕರೇ, ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಂದು ಅಪಘಾತದ ಕಥೆಯಾಗುತ್ತಿತ್ತು. ಮರುದಿನ ವರದಿ ಸಿದ್ಧವಾಯಿತು. "ರಕ್ಷಣೆಯ ಕನ್ನಡಕ ಧರಿಸಿರಲಿಲ್ಲ" ಎಂದು ಕಾರಣ ಬರೆದಿತ್ತು. ಸುಳ್ಳಲ್ಲ. ಆದರೆ ಕನ್ನಡಕಗಳು ನನ್ನ ಸ್ಟೋರಿನ ಬೀರುವಿನಲ್ಲಿ, ಮತ್ತೊಂದು ಬೀಗದ ಹಿಂದೆ, ಚೀಟಿ ತಂದವನಿಗೆ ಮಾತ್ರ ಎಂದು ಕಾದಿದ್ದವು. ಬಾಗಿಲಿನ ಸುದ್ದಿಯೇ ವರದಿಯಲ್ಲಿರಲಿಲ್ಲ. ಸಾಕ್ಷಿಯೆಂದು ನಾನು ರುಜು ಹಾಕಿದೆ. ಒದಗಿಸಿದ ರಕ್ಷಣಾ ಸಾಧನವನ್ನು ಕೆಲಸಗಾರ ಬೇಕೆಂದೇ ತೊರೆದಿದ್ದರೆ ಅಂಥ ಗಾಯಕ್ಕೆ ಪರಿಹಾರ ಕೊಡಬೇಕಾಗಿಲ್ಲವೆಂದು 1923ರ ಪರಿಹಾರ ಕಾಯಿದೆಯಲ್ಲಿ ಒಂದು ಮಾತಿತ್ತು. ನನ್ನ ರುಜುವಿನ ಬೆಲೆ ಎಷ್ಟೆಂದು ನನಗೆ ಗೊತ್ತಿತ್ತು.

ಹದಿನೈದು ದಿನದ ಮೇಲೆ ಇನ್‌ಸ್ಪೆಕ್ಟರು ಬಂದರು. ಬಡಕಲು ದೇಹದ, ಮೆಲುಮಾತಿನ ಮನುಷ್ಯ. ವರದಿ ಓದಿ ಮಡಿಸಿ, ನೇರವಾಗಿ ಹಿಂಬಾಗಿಲ ಮುಂದೆ ನಿಂತು, "ಇದರ ಬೀಗದ ಕೈ ಯಾರ ಹತ್ತಿರ ಇರುತ್ತದೆ?" ಎಂದರು. "ನನ್ನ ಹತ್ತಿರ, ಸಾರ್" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಆತನಿಗೆ ಪರಿಹಾರ ಸಿಕ್ಕಿತು. ಗೇಟಿನಲ್ಲಿ ಕೆಲಸವೂ ಸಿಕ್ಕಿತು. ನನಗೆ ಒಂದು ವರ್ಷದ ಬಡ್ತಿ ಹೋಯಿತು. ಅವರು ಕೇಳದೆ ಇದ್ದಿದ್ದರೆ ನಾನು ಹೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ಎಷ್ಟೋ ರಾತ್ರಿ ನನಗೇ ಹಾಕಿಕೊಂಡಿದ್ದೇನೆ.

ಆ ಮೇಲೆ ನಾನು ಗೋಡೆಯ ಮೇಲಿನ ಚೌಕಟ್ಟನ್ನು ನಗುತ್ತ ಓದಲಿಲ್ಲ. ಅದರ ಒಂದೊಂದು ಸಾಲಿನ ಹಿಂದೆಯೂ ಯಾರದೋ ಕಣ್ಣೋ ಕೈಯೋ ಇದೆಯೆನಿಸಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 146 ಮಂದಿ ಸತ್ತರು. ಬಹುಮಂದಿ ಹರೆಯದ ಹೆಣ್ಣುಮಕ್ಕಳು. ಅಲ್ಲಿಯೂ ಒಂದು ಬಾಗಿಲಿಗೆ ಬೀಗವಿತ್ತು. ಅಲ್ಲಿಯೂ ಕಳವಿನ ಭಯವೇ ಕಾರಣ. 1984ರ ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಕಾರ್ಖಾನೆಯೊಳಗಿನ ಅಪಾಯವನ್ನು ಕೆಲಸಗಾರರಿಗೂ ಸುತ್ತಲಿನ ಜನರಿಗೂ ತಿಳಿಸಲೇಬೇಕೆಂದು ನಮ್ಮ ಕಾಯಿದೆಗೆ ಹೊಸ ಅಧ್ಯಾಯ ಸೇರಿತು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡಾಗ, ಹೊರದಾರಿಗಳು ಅಡಚಿಕೊಂಡಿದ್ದ ಸುದ್ದಿ ಓದಿ ನಾನು ಪತ್ರಿಕೆ ಮಡಿಸಿಟ್ಟೆ. 1948ರ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಬರಲಿ, ಹೆಸರು ಯಾವುದಾದರೇನು, ಬಾಗಿಲು ತೆರೆದಿದ್ದರೆ ಸರಿ.

ಇಷ್ಟೆಲ್ಲ ಈಗ ಏಕೆ ನೆನಪಾಯಿತೆಂದರೆ, ಕಳೆದ ತಿಂಗಳು ಬಂಧುಗಳ ಮನೆಯ ಮದುವೆ. ನಮ್ಮ ಅಕ್ಕನಿಗೆ ಎಂಬತ್ತು ದಾಟಿದೆ. ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ಛತ್ರಕ್ಕೆ ಒಂಬತ್ತು ಮೆಟ್ಟಿಲು. ಸಾರ್ವಜನಿಕರು ಸೇರುವ ಕಟ್ಟಡಗಳಿಗೆ ಎಲ್ಲರೂ ಹೋಗುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಈ ನಿಯಮಗಳು ಬರಿಯ ಸಲಹೆಯಾಗಬಾರದು, ಕಡ್ಡಾಯವಾಗಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಛತ್ರದವರು ಒಳ್ಳೆಯವರೇ, ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಿದ್ದರು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅದೂ ಸರಿಯಾಗಿತ್ತು, ಹಿಡಿಗಂಬಿಯೂ ಇತ್ತು. ಆದರೆ ಅದರ ಬುಡದಲ್ಲಿ ಒಂದು ಕಬ್ಬಿಣದ ಗೇಟು. ಗೇಟಿಗೆ ಬೀಗ.

"ಬೀಗದ ಕೈ ಯಾರ ಹತ್ತಿರ ಇದೆಯಪ್ಪಾ?" ಎಂದೆ.

"ವಾಚ್‌ಮನ್ ಹತ್ತಿರ, ಸಾರ್. ಟೀಗೆ ಹೋಗಿದಾನೆ."

ಒಳಗೆ ಗಟ್ಟಿಮೇಳ ಕೇಳಿಸಿತು. ಅಕ್ಕ ಬಿಸಿಲಿನಲ್ಲಿ ಕೂತಿದ್ದಳು. "ಹೋಗಲಿ ಬಿಡೋ, ಅಕ್ಷತೆ ಇಲ್ಲಿಂದಲೇ ಹಾಕಿದರಾಯಿತು" ಎಂದು ನಕ್ಕಳು. ಆ ನಗುವನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಹುಡುಗ ಬಾಯೊರೆಸಿಕೊಳ್ಳುತ್ತ ಓಡಿಬಂದ. ಸೊಂಟದಲ್ಲಿ ಗೊಂಚಲು ಜಣಜಣ ಎನ್ನುತ್ತಿತ್ತು. "ತೆರೆದಿಟ್ಟರೆ ಬೈಕು ತಂದು ನಿಲ್ಲಿಸ್ತಾರೆ ಸಾರ್, ಅದಕ್ಕೇ ಬೀಗ" ಎಂದ. ಒಳ್ಳೆಯ ಕಾರಣವೇ. ನನ್ನ ಕಾರಣವೂ ಒಳ್ಳೆಯದೇ ಆಗಿತ್ತು.

ಸುತ್ತಲಿದ್ದವರು ಅವನನ್ನು ಬಯ್ದರು. ನಾನು ಬಯ್ಯಲಿಲ್ಲ. ಊಟವಾದ ಮೇಲೆ ಪಕ್ಕಕ್ಕೆ ಕರೆದು ಪಂಪಿನ ಮನೆಯ ಕಥೆ ಹೇಳಿದೆ. ಹೊರಡುವಾಗ ನೋಡಿದರೆ ಗೇಟು ತೆರೆದಿತ್ತು. ಬೈಕು ಬಾರದಂತೆ ತನ್ನ ಕುರ್ಚಿಯನ್ನೇ ಅಲ್ಲಿ ಹಾಕಿಕೊಂಡು ಕೂತಿದ್ದ.

ನಾಳೆ ನೀವು ಯಾವುದಾದರೂ ಸಭೆಗೋ ಮದುವೆಗೋ ಹೋದಾಗ, ಮೊದಲು ಹಿಂಬಾಗಿಲು ಎಲ್ಲಿದೆಯೆಂದು ನೋಡಿ. ಬೀಗ ಕಂಡರೆ ಆ ಇನ್‌ಸ್ಪೆಕ್ಟರಂತೆ ಮೆಲ್ಲಗೆ ಕೇಳಿ. ಕೇಳಿಸಿಕೊಂಡವನು ಬಹಳ ದಿನ ಮರೆಯಲಾರ.